ನಾನು ಯಾಕೆ ನಕ್ಕೆ

ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಚುರುಕಿ,

ಹೇಗಿದ್ದೀಯೇ? ಮಗಳು ಹೇಗಿದ್ದಾಳೆ? ಒಂಬತ್ತು ವರ್ಷ ಒಂದು ಸಾಲು ಗೀಚದವಳು ಈಗ ಯಾವ ಮುಖ ಇಟ್ಟುಕೊಂಡು ಬರೀತಾಳೆ ಅಂತ ನೀನು ಕೇಳೋದು ಸರಿಯೇ. ಫೋನು ಮಾಡೋಣ ಅಂತ ಮೂರು ಸಲ ಕೈಗೆತ್ತಿಕೊಂಡೆ. ಮೂರು ಸಲವೂ ಕೆಳಗಿಟ್ಟೆ. ಬೈಯೋದಿದ್ದರೆ ಕಾಗದ ಪೂರ್ತಿ ಓದಿದ ಮೇಲೆ ಬೈಯಿ.

ನನ್ನವರ ಹೃದಯದ ಆಪರೇಷನ್ ಆಗಿ ವರ್ಷವಾಯಿತು. ಈಗ ನಾನು ಮಾಡಿದ ಸಾರಿಗೆ ಹೆಸರಿಡುವಷ್ಟು ಶಕ್ತಿ ಬಂದಿದೆ. ನಾನು ಅದೇ ಕನ್ನಡಕದ ಅಂಗಡಿ, ಅದೇ ಹಿಂದಿನ ಕೋಣೆ. ನಾವಿಬ್ಬರೂ ಅಕ್ಕಪಕ್ಕ ಕೂತು ಲೆನ್ಸ್ ಉಜ್ಜುತ್ತಿದ್ದ ಮೇಜಿನಲ್ಲಿ ಈಗ ಒಬ್ಬಳೇ. ಅಂಗಡಿಯನ್ನ ಹಳೇ ಮಾಲೀಕರು ಒಂದು ಕಂಪನಿಗೆ ಮಾರಿ ಆರು ವರ್ಷ ಆಯ್ತು.

ಡಿಸೆಂಬರಿನಲ್ಲಿ ಮೂರು ಜನರ ಲೆನ್ಸನ್ನ ಓರೆಯಾಗಿ ಕೂರಿಸಿಬಿಟ್ಟೆ ಕಣೇ. ಒಬ್ಬರು ಮೇಷ್ಟ್ರು ವಾಪಸ್ ಬಂದು, "ಏನಮ್ಮಾ, ಇದನ್ನ ಹಾಕ್ಕೊಂಡರೆ ಮೆಟ್ಟಿಲೇ ಎದ್ದು ಬರುತ್ತಲ್ಲ" ಅಂದರು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಇಂಥದ್ದಾಗಿರಲಿಲ್ಲ.

ಕಾರಣ ನಮ್ಮ ಮ್ಯಾನೇಜರು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಬಾಯ್ತುಂಬ ಅಕ್ಕ ಅಂತಾನೆ. ನನ್ನವರು ಆಸ್ಪತ್ರೆಯಲ್ಲಿದ್ದಾಗ ಕೇಳುವ ಮೊದಲೇ ರಜೆ ಕೊಟ್ಟ. ರಕ್ತ ಬೇಕು ಅಂದಾಗ ಅಂಗಿಯ ತೋಳು ಮಡಚಿಕೊಂಡು ಬಂದವನೂ ಅವನೇ. ಅಂಥವನು ಹಿಂದೆ ನಿಂತು ಭುಜದ ಮೇಲೆ ಕೈಯಿಟ್ಟರೆ ಏನಂದುಕೊಳ್ಳಲಿ? ತಮ್ಮನ ಹಾಗೆ ಅಂದುಕೊಂಡೆ. ಕೈ ಬೆನ್ನಿಗೆ ಇಳಿಯಿತು. ಸಲಿಗೆ ಅಂದುಕೊಂಡೆ. "ಅಕ್ಕ, ನೀಲಿ ನಿಮಗೆ ಬಹಳ ಒಪ್ಪುತ್ತೆ, ಇವತ್ತೆಲ್ಲ ನಿಮ್ಮನ್ನೇ ನೋಡ್ತಿದ್ದೆ" ಅಂತ ಮೆಸೇಜು ಬಂತು. ಎರಡು ಸಲ ಓದಿದೆ. ಐವತ್ತೆರಡು ವರ್ಷದವಳಿಗೆ ಯಾರು ಹೀಗೆಲ್ಲ ಬರೀತಾರೆ, ನನ್ನ ಬುದ್ಧಿಯೇ ಕೆಟ್ಟಿರಬೇಕು ಅಂದುಕೊಂಡೆ.

ಆಮೇಲೆ ಒಂದು ದಿನ ಫ್ರೇಮು ಇಡುವ ಕೋಣೆಯಲ್ಲಿ ಹಿಂದಿನಿಂದ ಸೊಂಟ ಹಿಡಿದ. "ಯಾಕಕ್ಕ ಹೆದರ್ತೀರಿ, ನಾನಲ್ವಾ?" ಅಂದ. ನಾನು ಏನು ಮಾಡಿದೆ ಗೊತ್ತಾ? ನಕ್ಕೆ. ಹಲ್ಲು ಬಿಟ್ಟುಕೊಂಡು ನಕ್ಕೆ. ಕೈ ಬಿಡಿಸಿಕೊಂಡು ಆಚೆ ಬಂದರೂ ನಗು ಮುಖದ ಮೇಲೆ ಅಂಟಿಕೊಂಡೇ ಇತ್ತು.

ನಮ್ಮಲ್ಲಿ ಕಣ್ಣು ಪರೀಕ್ಷೆ ಮಾಡುವ ಮೇಡಂ ಒಬ್ಬರಿದ್ದಾರೆ, ಮಾತು ಕಡಿಮೆ. ಮೇಷ್ಟ್ರ ಲೆನ್ಸ್ ವಾಪಸ್ ಬಂದ ದಿನ, "ನಿಮ್ಮ ಕೆಲಸ ತಪ್ಪೋದೇ ಇಲ್ಲವಲ್ಲ, ಏನಾಯ್ತು?" ಅಂದರು. ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ. "ನಂದೇ ತಪ್ಪಿರಬಹುದು, ನಗಬಾರದಿತ್ತು" ಅಂದೆ. ಅವರು ನ್ಯಾಯ ಹೇಳೋಕೆ ಹೋಗಲಿಲ್ಲ. "ಮೆಸೇಜು ಅಳಿಸಬೇಡಿ, ತಾರೀಖು ಬರೆದಿಡಿ. ದೂರು ಕೊಡೋದು ಬಿಡೋದು ನಿಮ್ಮಿಷ್ಟ. ಕೊಟ್ಟರೆ ಜೊತೆಗೆ ಬರ್ತೀನಿ" ಅಂದರು.

ನನ್ನವರಿಗೆ ಹೇಳೋದೇ ಕಷ್ಟವಾಯಿತು. "ಅವನಾ?" ಅಂದರು. ಆಮೇಲೆ, "ನನ್ನ ಮೈಯಲ್ಲಿ ಅವನ ರಕ್ತ ಓಡ್ತಿದೆಯಲ್ಲೇ" ಅಂದರು. ಎರಡು ದಿನ ಪೇಪರಿನಲ್ಲೇ ಮುಖ ಹುದುಗಿಸಿಕೊಂಡಿದ್ದರು. ನನ್ನನ್ನ ನಂಬಲಿಲ್ಲ ಅಂತಲೇ ಅಂದುಕೊಂಡೆ. ಮೂರನೇ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು, "ಎಲ್ಲಿಗೆ ಹೋಗ್ಬೇಕು, ನಡಿ" ಅಂದರು.

ಕಂಪನಿಯ ದೂರು ಸಮಿತಿಯಲ್ಲಿ ಮೂವರು. ಕೋಟು ಹಾಕಿದವರೊಬ್ಬರು ಮೊದಲು ಕೇಳಿದ್ದೇ, "ಮತ್ತೆ ಯಾಕಮ್ಮ ನಕ್ಕಿರಿ?" ನಾನು ಗೊತ್ತಿಲ್ಲ ಅಂದೆ. ಹೊರಗಿನಿಂದ ಬಂದಿದ್ದ ವಯಸ್ಸಾದ ವಕೀಲೆಯೊಬ್ಬರು ಅವರನ್ನ ತಡೆದು, "ಹೆದರಿದಾಗ ನಗು ಬರೋದೂ ಉಂಟು ಸ್ವಾಮಿ" ಅಂದರು. ನನ್ನ ಕಡೆ ತಿರುಗಿ, "ಆ ಕೈ ನಿಮಗೆ ಬೇಕಿತ್ತಾ?" ಅಂದರು.

"ಬೇಡವಾಗಿತ್ತು."

"ಅಷ್ಟು ಸಾಕು. ಅದನ್ನೇ ಬರೀರಿ."

ಎರಡು ತಿಂಗಳು ವಿಚಾರಣೆ ನಡೀತು. ನಾನು ಹೇಳಿದ್ದು ನಿಜ ಅಂತ ಬರೆದು, ಹೋದ ವಾರ ಅವನನ್ನ ಕೆಲಸದಿಂದ ತೆಗೆದರು. ಗೆದ್ದೆ ಅಂತ ಮೇಡಂ ಕೈ ಕುಲುಕಿದರು. ನನಗೆ ಗೆದ್ದ ಹಾಗೇ ಇಲ್ಲ ಕಣೇ. ಕೌಂಟರಿನವನು ನನ್ನನ್ನ ಕಂಡರೆ ಮುಖ ತಿರುಗಿಸ್ತಾನೆ. "ಉಪಕಾರ ಮಾಡಿದವನ ಅನ್ನ ಕಿತ್ತುಕೊಂಡಳು" ಅಂದನಂತೆ. ಒಂದೊಂದು ಸಲ ನನಗೂ ಹಾಗೇ ಅನ್ನಿಸುತ್ತೆ. ಮರುಗಳಿಗೆ ಯಾರಾದರೂ ಹಿಂದಿನಿಂದ ಅಕ್ಕ ಅಂದರೆ ಬೆನ್ನು ಸೆಟೆಯುತ್ತೆ. ಆ ರಕ್ತ ಕೊಟ್ಟಾಗ ಅವನು ಒಳ್ಳೆಯವನೇ ಆಗಿದ್ದನಾ? ಈ ಪ್ರಶ್ನೆ ಯಾರಿಗೆ ಕೇಳಲಿ ಹೇಳು.

ಆ ವಕೀಲೆ ಒಬ್ಬರು ಆಪ್ತಸಲಹೆಗಾರ್ತಿಯ ವಿಳಾಸ ಕೊಟ್ಟರು. ಪ್ರತಿ ಗುರುವಾರ ಹೋಗ್ತೀನಿ. ಮೊದಲ ದಿನ ಗಡಿಯಾರ ನೋಡ್ತಾ ಕೂತಿದ್ದೆ, ಈಗ ಅವರೇ ಹೊತ್ತಾಯಿತು ಅಂತ ಎಬ್ಬಿಸಬೇಕು. ಲೆನ್ಸ್ ಮತ್ತೆ ನೆಟ್ಟಗೆ ಕೂರ್ತಿವೆ. ಅಷ್ಟು ಮಾತ್ರ ಖಂಡಿತವಾಗಿ ಹೇಳಬಲ್ಲೆ.

ನಿನ್ನ ಮಗಳು ನೂರು ಕಾಲ ಬಾಳಲಿ, ಯಾರಿಗೂ ತಲೆ ತಗ್ಗಿಸದೆ ಬಾಳಲಿ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಮೊದ್ದು

ಮರೆತದ್ದು: ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹೋದ ಗುರುವಾರ ಆ ಸಲಹೆಗಾರ್ತಿ, "ನಿಮಗೆ ಗೊತ್ತಿರೋ ಬೇರೆ ಯಾರಿಗಾದರೂ ಹೀಗಾಗಿತ್ತಾ?" ಅಂತ ಕೇಳಿದರು. ಇಲ್ಲ ಅಂದೆ. ನೀನು ಕೆಲಸ ಬಿಡುವ ಹಿಂದಿನ ದಿನ, ಹಳೇ ಮಾಲೀಕರು ನಿನ್ನನ್ನ ತಮ್ಮ ಕೋಣೆಗೆ ಕರೆದು ಏನು ಮಾಡಿದರು ಅಂತ ನನಗೊಬ್ಬಳಿಗೇ ಹೇಳಿದೆ. ನಾನು ಲೆನ್ಸ್ ಉಜ್ಜುವ ಯಂತ್ರ ನಿಲ್ಲಿಸದೆ, "ಅವರು ತಂದೆಯ ಸಮಾನ, ನೀನೇ ಏನೋ ತಪ್ಪು ತಿಳ್ಕೊಂಡಿದ್ದೀಯ" ಅಂದೆ. ಚುರುಕಿ, ಆ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಾನು ನೋಡಿದ್ದೆ.