ಅಜ್ಜಿಯ ನುಡಿ, ನನ್ನ ಹೂಮಳೆ

ಅತ್ತಿಗುಂಡಿ
6-4-2025, ಭಾನುವಾರ

ನಮ್ಮ ಮನೆಯ ಪೊಲೀಸಮ್ಮ ರೂಪಶ್ರೀಗೆ,

ಸೋದರಮಾವನ ತುಂಬು ಆಶೀರ್ವಾದ. ಕಾಲಿನ ಬೊಬ್ಬೆ ಒಣಗಿತೇ? ಬೆಳಿಗ್ಗೆ ಓಡಿಸುವ ಮೊದಲು ಹೊಟ್ಟೆಗೆ ಏನಾದರೂ ಹಾಕುತ್ತಾರೋ ಇಲ್ಲವೋ? ತರಬೇತಿ ಮುಗಿಯುವ ತನಕ ಫೋನು ಕೊಡುವುದಿಲ್ಲವಂತೆ, ಅದಕ್ಕೇ ಈ ಕಾಗದ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ನನ್ನ ಅಕ್ಷರ ನೋಡಿ ಎಸ್ಟೇಟಿನ ರೈಟರ್ ಇವತ್ತಿಗೂ ಹೊಟ್ಟೆ ಉರಿದುಕೊಳ್ಳುತ್ತಾನೆ. ಇಲ್ಲಿ ಎಲ್ಲರೂ ಕ್ಷೇಮ. ಲಕ್ವ ಹೊಡೆದಾಗ ಹೋದ ಅಜ್ಜಿಯ ಮಾತು ಮಾತ್ರ ಇನ್ನೂ ಬಂದಿಲ್ಲ. ಗಂಜಿ ಕುಡಿಯುತ್ತಾಳೆ, ಎಡಗೈ ಆಡುತ್ತದೆ, ನನ್ನನ್ನು ಕಣ್ಣಲ್ಲೇ ಬೈಯುತ್ತಾಳೆ.

ಈಗ ಸುದ್ದಿ ಕೇಳು. ನಿನ್ನ ಮಾವ ಊರಿಗೆಲ್ಲ ದೊಡ್ಡ ಮನುಷ್ಯನಾಗಿದ್ದಾನೆ! ಆಂಜನೇಯನ ಗುಡಿಯಲ್ಲಿ ಶನಿವಾರದ ಭಜನೆಯ ಕಡೆಗೆ ಹೇಳುವ ಮಂಗಳಾರತಿ ಪದದಲ್ಲಿ ಮನೆಗೊಂದು ನಾಲ್ಕು ಸಾಲಿನ ನುಡಿಯಲ್ಲವೇ? ಒಂದು ಮನೆಯ ನುಡಿಯನ್ನು ಇನ್ನೊಬ್ಬರು ಹೇಳುವುದೆಂದರೆ ಕೇಳದೆ ಅವರ ಅಡುಗೆಮನೆಗೆ ನುಗ್ಗಿದ ಹಾಗೆ. ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ, ಹೇಳಿಯೂ ಕೊಡುವುದಿಲ್ಲ. ಮನೆಯವರು ಬಾರದಿದ್ದರೆ ಬರೀ ತಾಳ ಬಾರಿಸಿ ಮುಂದಿನ ಮನೆಗೆ ಹೋಗುತ್ತಾರೆ. ಅಜ್ಜಿಗೆ ಮಾತು ಹೋದಮೇಲೆ ನಮ್ಮ ಮನೆಯ ಪಾಲಿಗೆ ಆ ಬರೀ ತಾಳವೇ ಉಳಿದಿತ್ತು. ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಕೂರಿಸುತ್ತಿದ್ದೆವು. ನಮ್ಮ ಸರದಿ ಬಂದಾಗ ತಲೆ ತಗ್ಗಿಸಿಬಿಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಒಂದು ಶನಿವಾರ ನಾನೇ ಎದ್ದುನಿಂತೆ. ಹಾರ್ಮೋನಿಯಂ ಹಿಡಿದ ಧರ್ಮೇಶ, "ಬೆಳ್ಳಣ್ಣ, ನಿಂಗ್ ಬರ್ತದಾ? ಅಜ್ಜಿ ಹೇಳುವಾಗೆಲ್ಲ ನೀನು ಹೊರಗೆ ಅವಲಕ್ಕಿ ಪ್ರಸಾದದ ಹತ್ರ ಇರ್ತಿದ್ದಲ್ಲ" ಎಂದು ಎಲ್ಲರನ್ನೂ ನಗಿಸಿದ. "ನಮ್ಮನೆ ನುಡಿ ನಂಗೆ ಬರಲ್ವಾ ಮಾರಾಯ, ನೀ ಸುಮ್ನೆ ಬಾರ್ಸು" ಎಂದೆ.

ಎರಡು ಸಾಲು ಸಲೀಸಾಗಿ ಬಂತು. ಮೂರನೆಯದಕ್ಕೆ ಬಾಯಿ ತೆರೆದರೆ ಏನೂ ಇಲ್ಲ. ನಾನು ಬಿಡುತ್ತೇನೆಯೇ? ಕಾಫಿ ಗಿಡ ಒಣಗಿ ನಿಂತಿದ್ದ ಕಾಲ, "ಬಾಡಿದ ಗಿಡಕೆಲ್ಲ ಹೂಮಳೆ ಸುರಿಸಯ್ಯ, ಬೆಟ್ಟದ ತುಂಬೆಲ್ಲ ಬಿಳಿಹೂವ ಬಿರಿಸಯ್ಯ" ಎಂದು ನಾನೇ ಕಟ್ಟಿ ಹಾಡಿಬಿಟ್ಟೆ. ಆಂಜನೇಯನಿಗೂ ತಮಾಷೆ ಎನಿಸಿತೋ ಏನೋ, ಸೋಮವಾರ ಸಂಜೆ ಭರ್ತಿ ಮಳೆ! ವಾರದೊಳಗೆ ಗುಡ್ಡವೆಲ್ಲ ಬೆಳ್ಳಗೆ ಹೂವು. ಎಸ್ಟೇಟಿನ ದಿಲೀಪಣ್ಣನವರು ಜೀಪು ನಿಲ್ಲಿಸಿ, "ಬೆಳ್ಳಿಯಪ್ಪ, ಇನ್ನೊಂದ್ಸಲ ಹಾಡೋ, ಕಾಯಿ ಕಚ್ಚೋಕೂ ಒಂದು ಮಳೆ ಬೇಕಲ್ಲ" ಎಂದರು. ಅಡುಗೆಮನೆಯ ನೇಮವನ್ನೆಲ್ಲ ಮರೆತು ಈಗ ಊರೇ ನನ್ನ ಜೊತೆ ಹಾಡುತ್ತದೆ. ಶಾಂತಕುಮಾರಿ ಟೀಚರ್ ಶಾಲೆಯ ಮಕ್ಕಳಿಗೂ ಕಲಿಸಿದ್ದಾರೆ. ಇನ್ನು ನೂರು ವರ್ಷ ಹೋದರೂ ನನ್ನ ಸಾಲು ಉಳಿಯುತ್ತದೆ, ಬರೆದಿಟ್ಟುಕೋ.

ಮೈ ನೋಡಿಕೋ. ಲಾಠಿ ಹಿಡಿಯುವುದು ಕಲಿತ ಮೇಲೆ ಮೊದಲು ಧರ್ಮೇಶನ ಮೇಲೆ ಪ್ರಯೋಗ ಮಾಡುವಿಯಂತೆ. ನಿನ್ನ ಜೊತೆಯ ಹುಡುಗಿಯರಿಗೂ ನನ್ನ ಆಶೀರ್ವಾದ ತಿಳಿಸು. ಊರ ದೇವರು ನಿನ್ನ ಹಿಂದೆಯೇ ಇರಲಿ.

ಇಂತಿ ನಿನ್ನ ಮಾವ,
ಬೆಳ್ಳಿಯಪ್ಪ

ಮರೆತಿದ್ದೆ: ಭಜನೆಯಲ್ಲಿ ಅಜ್ಜಿ ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಾಳೆ. ಮೂರನೇ ಸಾಲು ಬಂದ ಕೂಡಲೇ ಕೈ ನಿಲ್ಲುತ್ತದೆ. ನಾವು ಮುಗಿಸಿದ ಮೇಲೆ ಮುಂದಿನ ಮನೆಯವರಿಗೆ ಮತ್ತೆ ಶುರು. ನಿನ್ನೆ ಹಾಗೆ ಕೈ ನಿಲ್ಲಿಸಿ ತುಟಿ ಆಡಿಸಿದಳು. ಹಾಡು ಬಿಟ್ಟು ಹೋಗಿ ಬಾಯಿಗೆ ಕಿವಿ ಇಟ್ಟೆ, ಗಾಳಿ ಬಿಟ್ಟು ಏನೂ ಬರಲಿಲ್ಲ. ನಿನ್ನಮ್ಮನಿಗೆ ಈಗ ಗಂಡನ ಮನೆಯ ನುಡಿ ಮಾತ್ರ ನೆನಪಿದೆ. ಅಜ್ಜಿಯ ಜೊತೆ ಪಾತ್ರೆ ತೊಳೆಯುತ್ತಾ ಹಾಡುತ್ತಿದ್ದವಳು ನೀನು. ನಾನು ಮರೆತ ಆ ಕಡೆಯ ಎರಡು ಸಾಲು ಬೇಗ ಬರೆದು ಕಳಿಸು, ದಪ್ಪ ಅಕ್ಷರದಲ್ಲಿ. ಮಳೆ ಬೇಕಾದರೆ ದಿಲೀಪಣ್ಣನವರು ಬೇರೆ ಪದ ಕಟ್ಟಿಸಿಕೊಳ್ಳಲಿ. ನನಗೆ ಮೂರನೇ ಸಾಲಿನಲ್ಲಿ ಅವಳ ಕೈ ನಿಲ್ಲದಿದ್ದರೆ ಸಾಕು.