ನಲವತ್ತೊಂದನೆಯ ಕರಪತ್ರದ ಹಿಂಬದಿ

ಮಿಕ್ಕ ದಿನ, ಗಾಳಿವರ್ಷ ತೊಂಬತ್ತೊಂದು
ಹನ್ನೆರಡನೆಯ ಕಂಬವಠಾರ, ಕಪ್ಪತಗುಡ್ಡದ ಸಾಲು

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿರುವ ಹಿರಿಯರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು. ನಮ್ಮ ಗಾಳಿವರ್ಷಕ್ಕೆ ಹದಿಮೂರು ತಿಂಗಳು, ಪ್ರತಿ ತಿಂಗಳಿಗೆ ಇಪ್ಪತ್ತೆಂಟು ದಿನ. ಹೀಗೆ ಹಂಚಿದ ಮೇಲೆ ಒಂದು ದಿನ ಯಾರ ಪಾಲಿಗೂ ಬಾರದೆ ಉಳಿಯುತ್ತದೆ. ಅದಕ್ಕೆ ತಿಂಗಳಿಲ್ಲ, ವಾರವಿಲ್ಲ. ಮಿಕ್ಕ ದಿನ ಎನ್ನುತ್ತೇವೆ. ಆ ದಿನದಲ್ಲಿ ಕೂತು, ನನ್ನ ಅಜ್ಜಿಯ ಅಜ್ಜಿಗಿಂತ ಹಿಂದಿನ ಕಾಲದವರಾದ ನಿಮಗೆ ಬರೆಯುತ್ತಿದ್ದೇನೆ. ನನ್ನ ಬರವಣಿಗೆ ನಿಮ್ಮ ಕರಪತ್ರಗಳಿಂದ ಕಲಿತದ್ದು, ಬೇರೆ ಗುರುಗಳಿಲ್ಲ. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಾವು ಕಟ್ಟಿಕೊಂಡ ಶಬ್ದಗಳು ಬಂದಲ್ಲಿ ಅರ್ಥವನ್ನೂ ಹೇಳುತ್ತ ಹೋಗುತ್ತೇನೆ.

ನನ್ನ ಹೆಸರು ಶಿವಲೀಲಾ ಗಾಳಿಕಂಬದ, ವಯಸ್ಸು ಇಪ್ಪತ್ತಮೂರು. ಅಡ್ಡಹೆಸರೇ ನಮ್ಮ ಕಸುಬು. ಗಾಳಿಯಿಂದ ವಿದ್ಯುತ್ ತೆಗೆಯುವ ಕಂಬಗಳನ್ನು ಹತ್ತಿ, ತೊಳೆದು, ಎಣ್ಣೆ ಹಾಕಿ, ರಿಪೇರಿ ಮಾಡುವ ಜನ ನಾವು. ಹದಿನಾಲ್ಕು ಮನೆಗಳು ಸೇರಿದರೆ ಒಂದು ಕಂಬವಠಾರ. ನಾಲ್ಕು ತಿಂಗಳಿಗೊಮ್ಮೆ ಮನೆಗಳನ್ನೇ ಗಾಲಿಯ ಮೇಲೆ ಎಳೆದುಕೊಂಡು ಮುಂದಿನ ಗುಡ್ಡಕ್ಕೆ ಹೋಗುತ್ತೇವೆ. ಯಾವ ಶಾಲೆಯೂ ನಮ್ಮ ಹಿಂದೆ ಗುಡ್ಡ ಹತ್ತಿ ಬರುವುದಿಲ್ಲ. ಹಾಗೆಂದು ಗತಿಯಿಲ್ಲದೆ ಮನೆಪಾಠಕ್ಕೆ ಇಳಿದವರು ಎಂದು ನಮ್ಮನ್ನು ತಿಳಿಯಬೇಡಿ. ನನಗೆ ಹನ್ನೆರಡು ವರ್ಷವಾಗಿದ್ದಾಗ ವಠಾರದ ಪೆಟ್ಟಿಗೆಯಲ್ಲಿ ನಿಮ್ಮ ಎಂಬತ್ತಮೂರು ಕರಪತ್ರಗಳು ಸಿಕ್ಕವು. ನಿಮ್ಮಲ್ಲಿ ಕೆಲವು ತಾಯಿತಂದೆಯರು ಒಬ್ಬರಿಗೊಬ್ಬರು ಬರೆದು ಹಂಚಿಕೊಂಡ ಕಿವಿಮಾತುಗಳು ಅವು. ಅವನ್ನು ಓದಿದ ವಾರವೇ ನಾನು ತೀರ್ಮಾನಿಸಿದೆ: ಮಗುವಿನ ಜೊತೆ ಮಾತಾಡಲು ಗಂಟೆ ಬಾರಿಸಬೇಕಾಗಿಲ್ಲ. ಆ ಮಾತನ್ನು ನಾನು ಇಂದಿಗೂ ಹಿಂದೆಗೆದುಕೊಳ್ಳುವುದಿಲ್ಲ.

ನಿಮ್ಮ ಮಾತುಗಳು ಇಲ್ಲಿ ಹೇಗೆ ಬದುಕಿವೆ ಎಂದು ಕೇಳಿದರೆ ನಿಮಗೂ ಹೆಮ್ಮೆಯಾದೀತು. ಬೆಳಗ್ಗೆ ಜೋಳದ ರೊಟ್ಟಿ ಬಡಿಯುವಾಗ ಮಕ್ಕಳು ಅರ್ಧ, ಕಾಲು, ಅರೆಕಾಲು ಎಂದು ಮುರಿಯುತ್ತಾರೆ; ಆದರೆ ನೀವು ಐದನೆಯ ಕರಪತ್ರದಲ್ಲಿ ಹೇಳಿದಂತೆ, ಉಣ್ಣುವ ಹೊತ್ತಿನಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ಗಂಡ ಹೆಂಡತಿ ಜಗಳವಾಡಿದ ದಿನ ಆ ಮನೆಯಲ್ಲಿ ಲೆಕ್ಕ ಇಲ್ಲ, ಚಿತ್ರ ಮಾತ್ರ. ಹೀಗಾಗಿ ಯಾವ ಮನೆಯ ಮಕ್ಕಳು ಚಿತ್ರದಲ್ಲಿ ಪಳಗಿದ್ದಾರೆ ಎಂಬುದರಿಂದ ವಠಾರದವರಿಗೆ ಬೇರೆ ಸುದ್ದಿಯೂ ತಿಳಿಯುತ್ತದೆ. ಹತ್ತಿದ ಕಂಬದ ನೆರಳನ್ನು ಮಕ್ಕಳು ಅಳೆದು ಎತ್ತರ ಹೇಳುತ್ತಾರೆ. ಪ್ರತಿ ಮಗುವೂ ವಾರಕ್ಕೊಮ್ಮೆ ತಾನು ಕಲಿತದ್ದನ್ನು ತನಗಿಂತ ಚಿಕ್ಕದಕ್ಕೆ ಕಲಿಸುತ್ತದೆ. ಕಲಿಸಲು ಬಾರದಿದ್ದರೆ ಕಲಿತಿಲ್ಲ ಎಂದು ಅದಕ್ಕೇ ಗೊತ್ತಾಗುತ್ತದೆ. ನೆಂಟರು ಬಂದು ಮಗ್ಗಿ ಕೇಳಿದರೆ ನೆಂಟರಿಗೇ ಹತ್ತೊಂಬತ್ತರ ಮಗ್ಗಿ ಕೇಳಿ ಎಂಬ ನಿಮ್ಮ ಹದಿನಾರನೆಯ ಕರಪತ್ರದ ಉಪದೇಶವನ್ನು ನನ್ನ ಅಕ್ಕ ಕಸ್ತೂರಿಯ ಮಗಳು ಸಾವಂತ್ರಿ ಕಳೆದ ವರ್ಷ ಪಾಲಿಸಿದಳು. ಅವಳ ದೊಡ್ಡಪ್ಪ ಬಂದವನೇ, “ಏಳೆಂಟ್ಲೆ ಎಷ್ಟವಾ?” ಎಂದ. ಅವಳು, “ಐವತ್ತಾರು. ದೊಡ್ಡಪ್ಪ, ಹತ್ತೊಂಬತ್ತೇಳ್ಲೆ ಎಷ್ಟ್ರಿ?” ಎಂದಳು. ಅವನು ಮೀಸೆ ಸವರಿಕೊಂಡು, “ನಮ್ಮ ಕಾಲಕ್ಕ ಹತ್ತೊಂಬತ್ತ ಇರಲಿಲ್ಲ ಬಿಡವಾ” ಎಂದು ನೀರು ಕೇಳಿದ.

ನಿಮ್ಮಂತೆ ನಾವೂ ಕರಪತ್ರ ಬರೆಯುತ್ತೇವೆ, ಅದಕ್ಕೆ ಒಂದು ನಿಯಮ ಸೇರಿಸಿದೆವು. ನಿಮ್ಮವು ಒಂದೇ ಮಗ್ಗುಲಿಗೆ ಅಚ್ಚಾದವು, ಬೆನ್ನು ಖಾಲಿ. ನಮ್ಮ ಪದ್ಧತಿಯಲ್ಲಿ ಮುಂಬದಿಯಲ್ಲಿ ಸಲಹೆ ಬರೆದವರು ಹಿಂಬದಿಯಲ್ಲಿ ಆ ಸಲಹೆ ತಮ್ಮ ಮನೆಯಲ್ಲಿ ಎಲ್ಲಿ ಕೈಕೊಟ್ಟಿತು ಎಂಬುದನ್ನೂ ಬರೆಯಬೇಕು. ಎರಡು ಮೈಯ ಹಾಳೆ ಎನ್ನುತ್ತೇವೆ. ಮಿಕ್ಕ ದಿನದಂದು ವಠಾರವೆಲ್ಲ ಸೇರಿ ಓದುವಾಗ ಮೊದಲು ಬೆನ್ನು, ಆಮೇಲೆ ಮುಖ. ನಿಮ್ಮ ಕರಪತ್ರಗಳಿಗೆ ಮಾತ್ರ ಈ ನಿಯಮ ಹಚ್ಚಿರಲಿಲ್ಲ. ಹಿರಿಯರ ಮಾತಿಗೆ ಬೆನ್ನು ಬೇಕಿಲ್ಲ ಎಂದು ವಾದಿಸಿ ಗೆದ್ದವಳು ನಾನೇ, ಹದಿನೇಳನೆಯ ವಯಸ್ಸಿನಲ್ಲಿ.

ಈಗ ಸಾವಂತ್ರಿಯ ವಿಷಯ. ಅವಳಿಗೆ ಇನ್ನು ಆರು ವಾರಕ್ಕೆ ಒಂಬತ್ತು ತುಂಬುತ್ತದೆ. ಮನೆಪಾಠ ಮಾಡುವ ಹಕ್ಕನ್ನು ಹೋರಾಡಿ ಪಡೆದಾಗ ನಮ್ಮವರು ಒಂದು ಷರತ್ತಿಗೆ ಒಪ್ಪಿದ್ದರು. ವರ್ಷಕ್ಕೊಮ್ಮೆ, ಮಿಕ್ಕ ದಿನದಂದು, ಬೇರೆ ವಠಾರಗಳಿಂದ ಇಬ್ಬರು ಬರುತ್ತಾರೆ. ಅವರನ್ನು ಒಪ್ಪಿಗೆಯವರು ಎನ್ನುತ್ತೇವೆ. ಒಂಬತ್ತು ತುಂಬಲಿರುವ ಮಗು ಅವರ ಮುಂದೆ ಹಿಂದೆಂದೂ ನೋಡದ ಒಂದು ಪುಟವನ್ನು ಓದಬೇಕು. ಓದದಿದ್ದರೆ ಎರಡು ವರ್ಷ ಕೆಳಗಿನ ವಸತಿಶಾಲೆಗೆ ಹೋಗಬೇಕು. ತಾಯಿಗೆ ತಿಂಗಳಿಗೊಮ್ಮೆ ಭೇಟಿ. ನಮ್ಮ ವಠಾರದಿಂದ ಇದುವರೆಗೆ ಒಂದು ಮಗುವೂ ಹೋಗಿರಲಿಲ್ಲ.

ಸಾವಂತ್ರಿ ಓದುತ್ತಿರಲಿಲ್ಲ. ದಡ್ಡಿ ಎನ್ನುವ ಹಾಗಿರಲಿಲ್ಲ; ಒಮ್ಮೆ ಕೇಳಿದ ಕಥೆಯನ್ನು ಅಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಕಂಬದ ಬುಡದ ಮೇಲೆ ನಾವು ಸುಣ್ಣದಕಡ್ಡಿಯಲ್ಲಿ ಮೊಳದುದ್ದದ ಅಕ್ಷರ ಬರೆದು ಕಲಿಸುತ್ತೇವೆ, ಅವನ್ನೆಲ್ಲ ಗುರುತಿಸುತ್ತಿದ್ದಳು. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ತಲೆನೋವು ಎನ್ನುತ್ತಿದ್ದಳು, ಕಣ್ಣು ಉಜ್ಜುತ್ತಿದ್ದಳು, ಎದ್ದು ಓಡುತ್ತಿದ್ದಳು. ಕಣ್ಣಿನ ಬಗ್ಗೆ ಯಾರಿಗೂ ಅನುಮಾನ ಬರಲಿಲ್ಲ. ಕಂಬದ ಜನಕ್ಕೆ ಕಣ್ಣೆಂದರೆ ದೂರ ಕಾಣುವುದು, ಅಷ್ಟೇ. ಮೂರನೆಯ ಗುಡ್ಡದ ಕಂಬದಲ್ಲಿ ರೆಕ್ಕೆ ಬಿರುಕುಬಿಟ್ಟದ್ದನ್ನು ಇಲ್ಲಿಂದಲೇ ಮೊದಲು ಕಂಡವಳು ಅವಳು. ವಠಾರವೆಲ್ಲ ಅವಳ ಕಣ್ಣನ್ನು ಮೆರೆಸುತ್ತಿತ್ತು.

ಒಂದು ವರ್ಷದ ಹಿಂದೆ ಅಕ್ಕ ಹೆದರಿದಳು. “ಯಾಕೋ ಸರಿ ಅನಸವಲ್ದು ಲೀಲಾ. ಕೆಳಗ ಡಾಕ್ಟರಿಗೆ ತೋರ್ಸೂಣೇನ?” ಎಂದಳು. ನಾನು ಹದಿನಾಲ್ಕು ಮನೆಯವರ ಎದುರಿಗೆ ನಿಮ್ಮ ನಲವತ್ತೊಂದನೆಯ ಕರಪತ್ರ ತೆಗೆದು ಓದಿದೆ. ಅದರ ಮಾತು ನನಗೆ ಬಾಯಿಪಾಠ: “ಓದು ಗಿಡದಲ್ಲಿ ಹಣ್ಣಾಗಬೇಕು. ಐದಕ್ಕೆ ಓದುವ ಮಗುವೂ ಉಂಟು, ಒಂಬತ್ತಕ್ಕೆ ಓದುವ ಮಗುವೂ ಉಂಟು. ಹಿಚುಕಬೇಡಿ, ಕಾಯಿರಿ.” ಕೆಳಗೆ ಬರೆದವರ ಹೆಸರಿಲ್ಲ, ‘ಇಬ್ಬರು ಮಕ್ಕಳ ತಾಯಿ’ ಎಂದಷ್ಟೇ ಇದೆ. ಓದಿ ಮುಗಿಸಿ, “ರೋಗ ಮಗೂಗಿಲ್ಲ ಅಕ್ಕಾ, ನಿನ್ನ ಹೆದರಿಕಿಗೆ ಐತಿ” ಎಂದೆ. ಕೆಲವರು ನಕ್ಕರು. ಅಕ್ಕ ಆಮೇಲೆ ಆ ಮಾತು ಎತ್ತಲಿಲ್ಲ.

ಎರಡು ತಿಂಗಳ ಹಿಂದೆ ನಮ್ಮ ದ್ಯಾಮಕ್ಕ ಕಾರಣ ಕಂಡುಹಿಡಿದಳು. ಐದು ಮಕ್ಕಳಿಗೆ ಮನೆಪಾಠ ಹೇಳಿ ದಡ ಮುಟ್ಟಿಸಿದ ಎಪ್ಪತ್ತರ ಮುದುಕಿ ಅವಳು, ನನ್ನ ಕರಪತ್ರದ ಭಕ್ತಿಯನ್ನು ಕಂಡರೆ ನಗುವವಳು. ಮಧ್ಯಾಹ್ನ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ನಾನು ಸಾವಂತ್ರಿಯ ಕೈಗೆ ಪುಸ್ತಕ ಕೊಟ್ಟೆ. ಅವಳು ತೋಳು ನೀಳವಾಗಿ ಚಾಚಿ ಹಿಡಿದಳು. ದ್ಯಾಮಕ್ಕ ನೋಡಿ, “ಏ ಲೀಲಾ, ಈಕಿ ಪುಸ್ತಕ ಹಿಡಿಯೂದು ನೋಡು, ಥೇಟ್ ನನ್ನಂಗ. ನನಗ ಒಬ್ಬಾಕಿ ಗೆಣತಿ ಸಿಕ್ಕಳು” ಎಂದಳು. ಆಮೇಲೆ ತಮಾಷೆಗೆಂದೇ ತನ್ನ ಚಾಳೀಸಿನ ಕನ್ನಡಕ ಕಳಚಿ, ಸೆರಗಿನಿಂದ ಒರೆಸಿ ಹುಡುಗಿಯ ಮೂಗಿನ ಮೇಲೆ ಇಟ್ಟಳು. “ಈಗ ಓದವಾ ಮುದುಕಿ.”

ಸಾವಂತ್ರಿ ಪುಟ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಚಿಗವ್ವ, ಇದರಾಗೂ ಅಕ್ಷರ ಅದಾವ” ಎಂದಳು.

ಹೆತ್ತವರೇ, ಪುಸ್ತಕದೊಳಗೆ ನಾವು ಬೂದು ಗೆರೆಗಳನ್ನು ನೋಡಿ ಕಥೆ ಹೇಳುತ್ತೇವೆ ಎಂದು ಅವಳು ತಿಳಿದಿದ್ದಳು. ನಮಗೆ ಬರುವ ಆ ವಿದ್ಯೆ ತನಗೆ ಬರಲಿಲ್ಲ ಎಂದುಕೊಂಡಿದ್ದಳು. ಕೆಳಗಿನ ಕಣ್ಣಿನ ಡಾಕ್ಟರು ಪರೀಕ್ಷಿಸಿ, ದೂರದ್ದು ಕಾಣುತ್ತದೆ, ಹತ್ತಿರದ್ದು ಮಸುಕು ಎಂದರು. ಹತ್ತು ದಿನದಲ್ಲಿ ಅವಳದೇ ಅಳತೆಯ ಕನ್ನಡಕ ಬಂತು. ನಾನು ಅಕ್ಕನ ಮುಂದೆ ಹೋಗಿ ನಿಂತೆ. ಅವಳು ಹಿಟ್ಟು ನಾದುತ್ತಿದ್ದಳು. “ನಿನ್ನ ಮಾತ ಕೇಳಿ ಒಂದ ವರ್ಷ ನನ್ನ ಮಗಳ ಕಣ್ಣಾಗ ನಾ ನೋಡ್ಲಿಲ್ಲ” ಎಂದಳು. ಹಿಟ್ಟು ಮಗುಚಿ, “ಅಳಬ್ಯಾಡ. ಅಳಾಕ ಹೊತ್ತಿಲ್ಲ. ಹೋಗಿ ಹಾಳಿ ಮ್ಯಾಲ ದಪ್ಪ ದಪ್ಪ ಬರದು ತಾ” ಎಂದಳು. ಅಂದಿನಿಂದ ನಾವಿಬ್ಬರೂ ಸರದಿಯಲ್ಲಿ ಕೂತೆವು. ಮೊಳದ ಅಕ್ಷರ ಗೇಣಾಯಿತು, ಗೇಣಿನದು ಬೆರಳಾಯಿತು, ಬೆರಳಿನದು ಅಚ್ಚಿನದಾಯಿತು. ಇಷ್ಟಾಗಲು ಆರು ವಾರ ಹಿಡಿಯಿತು. ಪದಗಳನ್ನು ಅವಳು ಕಲ್ಲು ಹೊರುವಂತೆ ಒಂದೊಂದಾಗಿ ಎತ್ತುತ್ತಿದ್ದಳು.

ಇಂದು ಬೆಳಗ್ಗೆ ಒಪ್ಪಿಗೆಯವರು ಬಂದರು. ಒಬ್ಬರು ಏಳನೆಯ ವಠಾರದ ಮಾಬುಸಾಬರು, ಇನ್ನೊಬ್ಬರು ಮೂರನೆಯ ವಠಾರದ ಇಂದಿರವ್ವ. ಇಬ್ಬರೂ ಕೆಳಗಿನ ಪೇಟೆಗೆ ಇಳಿಯುವ ಅವಸರದಲ್ಲಿದ್ದರು. ಸಾವಂತ್ರಿಗೆ ಒಂದು ಪುಟ ಕೊಟ್ಟರು. ಬಾವಿ ತೋಡುವುದರ ಬಗ್ಗೆ, ಇಪ್ಪತ್ತೆರಡು ಸಾಲು. ಅವಳು ಮೊದಲ ಸಾಲು ಮುಗಿಸುವಷ್ಟರಲ್ಲಿ ಚಹಾ ಆರಿತ್ತು. ನಾಲ್ಕನೆಯ ಸಾಲಿಗೆ ಮಾಬುಸಾಬರು ಬಗ್ಗಿ ಎಷ್ಟು ಸಾಲು ಉಳಿದಿದೆ ಎಂದು ನೋಡಿ, “ಈಕಿನ್ನ ಕೆಳಗಿನ ಶಾಲಿಗೆ ಕಳಸೂದ...” ಎಂದು ಬಾಯಿ ತೆರೆದರು. ಆಗ ನನ್ನ ಅಕ್ಕ ಎದ್ದು ನಿಂತಳು. ಸಭೆಯಲ್ಲಿ ಅವಳು ಎದ್ದು ಮಾತಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. “ಒಂದು ಪುಟ ಓದಬೇಕು ಅಂತ ಐತ್ರಿ ನಿಯಮದಾಗ. ಎಷ್ಟ್ ಹೊತ್ತಿನಾಗ ಅಂತ ಎಲ್ಲೆ ಐತಿ ತೋರಸ್ರಿ” ಎಂದಳು. ಇಂದಿರವ್ವ ನಿಯಮದ ಹಾಳೆ ತೆಗೆದು ಎರಡು ಸಲ ಓದಿದರು. “ಇಲ್ಲವಾ” ಎಂದರು. ಕೂತುಕೊಂಡರು.

ಆಮೇಲೆ ನಡೆದದ್ದಕ್ಕೆ ನನ್ನ ಜೀವಮಾನವಿಡೀ ಹೆಮ್ಮೆಪಡುತ್ತೇನೆ. ಅರವತ್ತೆರಡು ಜನ ಕೂತಿದ್ದೆವು. ಅವಳು ತೊಡರಿದಾಗ ಯಾರೂ ಬಾಯಿ ಹಾಕಲಿಲ್ಲ. ಯಾರೂ ತುಟಿಯಲ್ಲಿ ಅಕ್ಷರ ತೋರಿಸಲಿಲ್ಲ. ದ್ಯಾಮಕ್ಕನಂಥ ದ್ಯಾಮಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹನ್ನೊಂದನೆಯ ಸಾಲಿಗೆ ಸಾವಂತ್ರಿ ಕನ್ನಡಕ ತೆಗೆದು, ದೂರದ ಗುಡ್ಡ ನೋಡಿ, ಕಣ್ಣಿಗೆ ಬಿಡುವು ಕೊಟ್ಟು ಮತ್ತೆ ಹಾಕಿಕೊಂಡಳು. ಊಟದ ಹೊತ್ತು ಮೀರಿತು. ಹಸಿದ ಕೂಸುಗಳನ್ನು ಎತ್ತಿಕೊಂಡು ಹೋದರು, ಮತ್ತೆ ತಂದರು. ಹದಿನೆಂಟನೆಯ ಸಾಲಿನ ಒಂದು ಪದದ ಮುಂದೆ ಅವಳು ಎಷ್ಟು ಹೊತ್ತು ನಿಂತಳೆಂದರೆ, ನಾನು ಉಗುರಿನಿಂದ ನನ್ನ ಅಂಗೈ ಗೀರಿಕೊಂಡೆ. ನಲವತ್ತೊಂದನೆಯ ಕರಪತ್ರ ಹೇಳಿದ ಕಾಯುವಿಕೆ ಏನೆಂದು ನನಗೆ ಆಗ ಗೊತ್ತಾಯಿತು. ನಾನು ವರ್ಷವಿಡೀ ಮಾಡಿದ್ದು ಕಾಯುವಿಕೆಯಲ್ಲ, ನೋಡದೆ ಇರುವುದು.

ಇಪ್ಪತ್ತೆರಡನೆಯ ಸಾಲು ಮುಗಿದಾಗ ಬಿಸಿಲು ಇಳಿದಿತ್ತು. ಮಾಬುಸಾಬರು ಪುಟವನ್ನು ಮಡಚಿದರು. “ನಾ ಓದಿದ್ರ ಇಷ್ಟ ಮಂದಿ ಕೇಳೂದಿಲ್ಲ” ಎಂದು ಒಪ್ಪಿಗೆಯ ಸಹಿ ಹಾಕಿದರು. ಸಾವಂತ್ರಿ ತಾಯಿಯ ಹತ್ತಿರ ಹೋಗಿ ಹಸಿವೆ ಎಂದಳು.

ಹಾಳೆಗಳನ್ನು ಓದುವ ಸರದಿ ಬಂದಾಗ ನಾನು ಎದ್ದು, ಹದಿನೇಳನೆಯ ವಯಸ್ಸಿನಲ್ಲಿ ಗೆದ್ದಿದ್ದ ವಾದವನ್ನು ಬಿಟ್ಟುಕೊಟ್ಟೆ. ನಿಮ್ಮ ನಲವತ್ತೊಂದನೆಯ ಕರಪತ್ರದ ಬೆನ್ನಿನ ಮೇಲೆ, ನನ್ನ ಹೆಸರು ಹಾಕಿ, ಇಲ್ಲಿ ಹೇಳಿದ್ದೆಲ್ಲವನ್ನೂ ಬರೆದಿದ್ದೇನೆ. ನೀವು ಸುಳ್ಳು ಹೇಳಿದಿರಿ ಎಂದು ಬರೆದಿಲ್ಲ. ಒಂಬತ್ತು ದಿನ ನಿಮ್ಮ ಮೇಲೆ ಸಿಟ್ಟಾಗಿದ್ದೆ, ಈಗಿಲ್ಲ. ಮಗುವನ್ನು ನಂಬಿ ಎಂದು ನೀವು ಹೇಳಿದಿರಿ. ತಲೆನೋವು ಎಂದಾಗಲೂ ನಂಬಬೇಕು ಎಂಬುದು ನನಗೆ ಹೊಳೆಯಲಿಲ್ಲ. ಮನೆಯಲ್ಲೇ ಕಲಿಸುವವರ ಮಗುವನ್ನು ಬೇರೆ ಯಾವ ಕಣ್ಣೂ ನೋಡುವುದಿಲ್ಲ. ಅದು ನಮ್ಮ ಬಲವೆಂದು ಜಂಬಪಡುವವರು ಅದೇ ನಮ್ಮ ಹೊಣೆ ಎಂದೂ ತಿಳಿಯಬೇಕು.

ಇಬ್ಬರು ಮಕ್ಕಳ ತಾಯಿಯೇ, ನಿಮ್ಮ ಹೆಸರು ನನಗೆ ತಿಳಿಯದು. ನಿಮ್ಮ ಬಳಗದವರೆಲ್ಲರಿಗೂ ಸೇರಿಸಿ ಒಂದು ಕೋರಿಕೆ ಇಡುತ್ತೇನೆ. ಈ ಪತ್ರ ತಲುಪಿದ ದಿನ, ಪಾಠಕ್ಕೆ ಕೂರುವ ಮೊದಲು, ಮಗುವಿನ ಒಂದು ಕಣ್ಣು ಮುಚ್ಚಿ ಪುಸ್ತಕವನ್ನು ಹತ್ತಿರ ಹಿಡಿದು ಏನು ಕಾಣುತ್ತದೆ ಎಂದು ಕೇಳಿ. ಆಮೇಲೆ ಇನ್ನೊಂದು ಕಣ್ಣು. ಆಮೇಲೆ ಬೆನ್ನ ಹಿಂದೆ ನಿಂತು ಮೆಲ್ಲಗೆ ಅದರ ಹೆಸರು ಕರೆಯಿರಿ. ಸಂಶಯ ಬಂದರೆ ಡಾಕ್ಟರಿಗೆ ತೋರಿಸಿ. ಸಂಶಯ ಬರದಿದ್ದರೂ ವರ್ಷಕ್ಕೊಮ್ಮೆ ತೋರಿಸಿ. ಅಷ್ಟು ಮಾಡಿದ ಮೇಲೆ ನಿಮಗೆ ಬೇಕಾದಷ್ಟು ಕಾಯಿರಿ, ಊಟದ ಹೊತ್ತು ಮೀರುವವರೆಗೆ ಕಾಯಿರಿ, ಯಾರು ನಕ್ಕರೂ ಕಾಯಿರಿ. ಅದರಲ್ಲಿ ನಿಮ್ಮನ್ನು ಮೀರಿಸುವವರು ಯಾರೂ ಇಲ್ಲ, ನಮ್ಮೊಬ್ಬರನ್ನು ಬಿಟ್ಟು.

ನಿಮ್ಮ ಮಾತಿನಿಂದ ಬೆಳೆದವಳು,
ಶಿವಲೀಲಾ ಗಾಳಿಕಂಬದ