ಎತ್ತಿ ಹಿಡಿಯದ ಫೋನು

ಗ್ಲಾಸ್ಗೋ
ಗುರುವಾರ, 14 ಏಪ್ರಿಲ್ 2011

ಶೋನಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬೇಕು. ಫೋನಿನಲ್ಲಾದರೆ ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ಎಫಿ ಮಲಗಿದ್ದಾಳೆ. ಆರು ತಿಂಗಳ ಕೂಸಿನ ಎದೆ ಏರಿಳಿಯುವುದನ್ನು ಎಣಿಸುತ್ತ ಕೂತು ನಾಲ್ಕು ರಾತ್ರಿಯಾಯಿತು. ಕಣ್ಣು ಮುಚ್ಚಿದರೆ ಭಯ, ತೆರೆದರೆ ನಿನ್ನ ಮುಖ.

ಭಾನುವಾರ ಬರುವುದಿಲ್ಲ ಅಂದಿದ್ದೆ. ಮಗುವಿನ ಮೈ ಸ್ವಲ್ಪ ಬಿಸಿಯಿದೆ ಎಂದೂ ಹೇಳಿದ್ದೆ. ನೀನು ಬಾಗಿಲಲ್ಲೇ ನಿಂತು ಕಾಡಿದೆ. “ಬರ್ಸ್ಟ್ ಬಾಯ್ಲರ್ ಬ್ಯಾಂಡ್‌ನವರ ಕೊನೇ ಕಾರ್ಯಕ್ರಮ ಕಣೇ ಮೋರಾಗ್, ಅದೂ ಮಧ್ಯಾಹ್ನ! ಟೀ ಹೊತ್ತಿಗೆ ಮನೇಲಿರ್ತೀಯ. ಮಗೂನ ನಿಮ್ಮಮ್ಮ ನೋಡ್ಕೊಳ್ಳಲ್ವಾ? ನಿನ್ನಂಥವಳನ್ನೇ ಸಾಕಿದ್ದಾರೆ!” ಹೊರಗೆ ನಿನ್ನ ಜೊತೆ ಬಂದಿದ್ದ ಗೆಳತಿ ಐಲ್ಸಾ ಕಾರಿನ ಹಾರ್ನ್ ಒತ್ತುತ್ತಲೇ ಇದ್ದಳು. ನೀನು ನನ್ನ ಸ್ವೆಟರ್ ನೋಡಿ, “ಇದನ್ನ ಹಾಕ್ಕೊಂಡ್ ಬಂದ್ರೆ ಟಿಕೆಟ್ ಹರಿಯೋಳು ಅಂದ್ಕೋತಾರೆ” ಅಂತ ನಕ್ಕು ನಿನ್ನ ಹಳೆಯ ಜಾಕೆಟ್ ನನ್ನ ಮೇಲೆ ಎಸೆದೆ. ಹೆತ್ತ ಮೈಗೆ ಗುಂಡಿ ಹಾಕಲಾಗಲಿಲ್ಲ. ಅದಕ್ಕೂ ನಕ್ಕೆ ನೀನು.

ಹತ್ತು ವರ್ಷದ ಹಿಂದೆ ರೈಲು ಕಮಾನಿನ ಕೆಳಗಿನ ಅದೇ ಹಾಲಿನಲ್ಲಿ, ಇದೇ ತಂಡ ಹಾಡುತ್ತಿದ್ದಾಗ, ನೂಕಾಟದಲ್ಲಿ ನನ್ನ ಕನ್ನಡಕ ಬಿದ್ದಿತ್ತು. ಯಾರೋ ಹುಡುಗಿ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು, ಮೊಣಕೈ ಏಟು ತಿನ್ನುತ್ತ ಮೂರು ಹಾಡು ನಿಂತಿದ್ದಳು. ಆ ಹುಡುಗಿ ನೀನು. “ಬಿದ್ದೋರನ್ನ ಎತ್ತಬೇಕು, ಸಿಕ್ಕಿದ್ದನ್ನ ಎತ್ತಿ ಹಿಡೀಬೇಕು. ಇಲ್ಲಿ ಬೇರೆ ಕಾನೂನಿಲ್ಲ” ಅಂದಿದ್ದೆ. ಅವತ್ತಿನಿಂದ ನಿನ್ನ ಹಿಂದೆ ತಿರುಗಿದವಳು ನಾನು.

ಭಾನುವಾರ ನನ್ನ ಫೋನು ಬಿತ್ತು. ನನಗೆ ಗೊತ್ತಾಗಲಿಲ್ಲ. ಐಲ್ಸಾ ನೋಡಿದ್ದಾಳೆ: ನೀನು ಬಗ್ಗಿ ಎತ್ತಿಕೊಂಡೆ, ಮಿನುಗುತ್ತಿದ್ದ ಗಾಜಿನ ಮೇಲೆ ‘ಅಮ್ಮ’ ಎಂದಿರುವುದನ್ನು ಓದಿದೆ, ಜೇಬಿಗೆ ಹಾಕಿಕೊಂಡೆ. ಎತ್ತಿ ಹಿಡಿಯಲಿಲ್ಲ. ನಾನು ಎರಡು ಮಾರು ದೂರದಲ್ಲಿ ಗಂಟಲು ಹರಿದುಕೊಂಡು ಹಾಡುತ್ತಿದ್ದೆ.

ಹೊರಗೆ ಬಂದು, ವಿನೆಗರ್ ಸುರಿದ ಚಿಪ್ಸ್ ಮೆಲ್ಲುತ್ತ ನೀನು ಫೋನು ಕೊಟ್ಟೆ. “ತಗೋ, ನಿಮ್ಮಮ್ಮಂಗೆ ನಿನ್ನ ಬಿಟ್ಟಿರಕ್ಕಾಗಲ್ಲ.” ಏಳು ಕರೆ. ಜ್ವರ ಏರಿ ಎಫಿಗೆ ಫಿಟ್ಸ್ ಬಂದಿತ್ತು. ಅಮ್ಮ ಒಬ್ಬಳೇ, ನೀಲಿಗಟ್ಟಿದ ಆ ತುಟಿಗಳನ್ನು ನೋಡುತ್ತ ಆಂಬುಲೆನ್ಸಿಗೆ ಕಾದಿದ್ದಳು. ಏನೂ ತೊಂದರೆಯಿಲ್ಲ ಅನ್ನುತ್ತಾರೆ ಡಾಕ್ಟರು. ಅವರು ಮನೆಗೆ ಹೋಗಿ ಮಲಗುತ್ತಾರೆ.

ಆಸ್ಪತ್ರೆಯಲ್ಲಿ ಅಮ್ಮ ಕೇಳಿದಳು, “ಫೋನ್ ಯಾಕೆ ಎತ್ತಲಿಲ್ವೇ?” “ಶೋನಾ ಹತ್ರ ಇತ್ತು” ಅಂದೆ. ಅಮ್ಮ ನಿನ್ನ ಕಡೆ ತಿರುಗಿದಳು. “ನೋಡೂ ಸುಮ್ನಿದ್ಯಾ? ನೀನೇನು ಮನುಷ್ಯಳಾ?” ಆಗ ನೀನು ಹೇಳಿದ್ದೇನು? “ತಪ್ಪು ನಂದೇ ಆಂಟಿ. ಆರು ತಿಂಗಳಿಂದ ಇವಳು ನಕ್ಕಿದ್ದೇ ನೋಡಿರ್ಲಿಲ್ಲ. ನಾಲ್ಕು ಹಾಡಾದ್ರೂ ನಗ್ಲಿ ಅನ್ಕೊಂಡೆ.” ನನ್ನ ನಗು ಬೇಕೆಂದು ನಿನ್ನನ್ನು ಯಾರು ಕೇಳಿದ್ದರು? ಮಗಳ ಜೀವಕ್ಕಿಂತ ಅದು ಹೆಚ್ಚು ಅಂತ ತೀರ್ಮಾನ ಮಾಡಲು ನೀನು ಯಾರು?

ಈ ಮನೆಗೆ ಬರಬೇಡ. ಜಾಕೆಟ್ಟನ್ನು ಐಲ್ಸಾ ಹತ್ತಿರ ಕೊಟ್ಟಿದ್ದೇನೆ. ಎಫಿಗೆ ನೀನು ಹೆಣೆದ ಟೋಪಿಯೂ ಅದರ ಜೇಬಿನಲ್ಲಿದೆ. ನಿನ್ನ ಹೆಸರೆತ್ತಿದರೆ ನನ್ನ ಗಂಡ ಕ್ಯಾಲಂ ತಟ್ಟೆ ಬಿಟ್ಟು ಏಳುತ್ತಾನೆ. ಅಮ್ಮ ಶಾಪ ಹಾಕುತ್ತಾಳೆ. ನಾನು ಇಬ್ಬರನ್ನೂ ತಡೆಯುವುದಿಲ್ಲ.

ಇನ್ನು ನಿನಗೆ ಯಾರೂ ಅಲ್ಲದ,
ಮೋರಾಗ್

ತಾ.ಕ. ಅಮ್ಮ ಮಾಡಿದ್ದು ಏಳಲ್ಲ, ಎಂಟು ಕರೆ. ಮೊದಲನೆಯದು ಬಂದಾಗ ಫೋನು ನನ್ನ ಕೈಯಲ್ಲೇ ಇತ್ತು. ನಮ್ಮ ಹಾಡಿನ ಗಿಟಾರು ಆಗಷ್ಟೇ ಶುರುವಾಗಿತ್ತು. ‘ಅಮ್ಮ’ ಎಂದು ನೋಡಿಯೂ ನಾನೇ ಕರೆ ಕತ್ತರಿಸಿದೆ. “ಯಾರೇ ಅದು?” ಅಂತ ನೀನು ಕಿವಿಯಲ್ಲಿ ಕೂಗಿದೆ. “ಯಾರೂ ಇಲ್ಲ, ಬಾರೇ” ಅಂದೆ ನಾನು. ಆಮೇಲೆ ಬಿದ್ದ ಫೋನು ನಿನಗೆ ಸಿಕ್ಕಾಗ, ನಾನು ಕತ್ತರಿಸಿದ ಕರೆ ಯಾರದೆಂದು ನಿನಗೂ ತಿಳಿಯಿತು. ಆಸ್ಪತ್ರೆಯಲ್ಲಿ ಅಮ್ಮನ ಎದುರು ನೀನು ಅದನ್ನು ಹೇಳಲಿಲ್ಲ. ಇನ್ನು ಮುಂದೆಯೂ ಹೇಳಬೇಡ.